ಹಾರನಹಳ್ಳಿ ನಿಂಗಮ್ಮನ ಪದಕ

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಹಿತ್ತಲಲ್ಲಿ ಕೂತು ಹುಣಸೆಹಣ್ಣಿನಲ್ಲಿ ಹಿತ್ತಾಳೆ ಬಿಂದಿಗೆ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಿದ್ದದ್ದೇ ನಾನು ಓದುತ್ತಿದ್ದ ಪತ್ರಿಕೆ ಮಡಿಸಿಟ್ಟೆ. ಒಂದು ಕಾಲಕ್ಕೆ ನಾನೂ ಹುಣಸೆಹಣ್ಣು ಹಿಡಿದು ತಿಕ್ಕುತ್ತಿದ್ದೆ. ಪಾತ್ರೆಗಳನ್ನಲ್ಲ, ಫ್ರಾನ್ಸ್ ದೇಶದ ಪದಕಗಳನ್ನು.

ನಗಬೇಡಿ. ಅರಸೀಕೆರೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತನಿಗೆ ಈ ಹುಚ್ಚು ಹೇಗೆ ಹಿಡಿಯಿತೆಂದು ಕೇಳುತ್ತೀರಿ. ಹಳೇಬೀಡು ನೋಡಲು ಹೊರಟ ಫ್ರೆಂಚ್ ದೊರೆಯೊಬ್ಬ, ಬೇಲೂರಿನ ಬಸ್ಸು ಕೆಟ್ಟು ನಿಂತದ್ದರಿಂದ ಅರ್ಧ ದಿನ ನನ್ನ ಜೊತೆ ಕೂತಿದ್ದ. ಏಳುವಾಗ ನೇರಳೆ ಪಟ್ಟಿಯ ಬೆಳ್ಳಿ ಪದಕವೊಂದನ್ನು ಕೈಗಿಟ್ಟ. ಆ ದೇಶದಲ್ಲಿ ಮೇಷ್ಟರುಗಳಿಗೆ ಕೊಡುವ ಪದಕವಂತೆ, ಅವನ ಅಪ್ಪನದಂತೆ. ಮನೆಯಲ್ಲಿ ಅದನ್ನು ಕೇಳುವವರು ಯಾರೂ ಉಳಿದಿಲ್ಲವೆಂದ.

ಅಲ್ಲಿಂದ ಶುರುವಾಯಿತು. ಬೆಂಗಳೂರು ದಂಡಿನಲ್ಲಿ ಇಂಥವನ್ನೇ ಕೂಡಿಡುವ ಒಬ್ಬ ಮುದಿ ಡಾಕ್ಟರು ಸಿಕ್ಕಿದರು. ನೀರಿಗೆ ಬಿದ್ದವರನ್ನು ಉಳಿಸಿದವರದು, ಒಳ್ಳೆ ಬೆಳೆ ತೆಗೆದ ರೈತರದು, ಸಿಪಾಯಿಗಳದು, ಹೀಗೆ ಪೆಟ್ಟಿಗೆ ತುಂಬತೊಡಗಿತು. ಪ್ರತಿಯೊಂದರ ಲೋಹ, ತೂಕ, ಪಟ್ಟಿಯ ಬಣ್ಣವನ್ನು ಪುಸ್ತಕದಲ್ಲಿ ಮುದ್ದಾಗಿ ಬರೆದಿಡುತ್ತಿದ್ದೆ. "ಊರೋರೆಲ್ಲ ಕೊಬ್ಬರಿ ಕೂಡಿಟ್ರೆ ನೀವು ತಗಡು ಕೂಡಿಡ್ತೀರಲ್ರೀ" ಎಂದು ಹೆಂಡತಿ ಹಂಗಿಸುತ್ತಿದ್ದಳು.

ಹಾರನಹಳ್ಳಿಯ ನಿಂಗಮ್ಮನ ಸುದ್ದಿ ಹೇಳಿದವನು ನಮ್ಮ ಸ್ಟೇಷನ್ನಿನ ಹಮಾಲಿ. ಆಕೆಯ ಒಬ್ಬನೇ ಮಗ ಹಿಂದಿನ ಮಹಾಯುದ್ಧದಲ್ಲಿ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಸೇರಿ ಫ್ರಾನ್ಸಿಗೆ ಹೋಗಿ ಅಲ್ಲೇ ತೀರಿಕೊಂಡಿದ್ದ. ಅವನ ಬದಲಿಗೆ ಅಂಚೆಯಲ್ಲಿ ಬಂದದ್ದು ಫ್ರೆಂಚ್ ಸರ್ಕಾರ ಶೌರ್ಯಕ್ಕೆ ಕೊಡುವ ಕಂಚಿನದೊಂದು ಶಿಲುಬೆ, ಅಡ್ಡಕ್ಕೆ ಎರಡು ಕತ್ತಿ, ನಡುವೆ ಹೆಂಗಸಿನ ಮುಖ. ನಿಂಗಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ಅರಿಸಿನ ಕುಂಕುಮ ಹಚ್ಚುತ್ತಿದ್ದಳು. ನೋಡಲು ಅವಳ ಮನೆಗೇ ಹೋದೆ.

"ಇಲಿ ಎಳೆದುಕೊಂಡು ಹೋದರೆ ಏನು ಮಾಡ್ತೀಯಮ್ಮ? ನನ್ನ ಹತ್ತಿರ ಗಾಜಿನ ಪೆಟ್ಟಿಗೆ ಇದೆ" ಎಂದೆ.

ಅವಳು ಅದನ್ನು ಗೂಡಿನಿಂದ ಇಳಿಸಿ ಕಣ್ಣಿಗೊತ್ತಿಕೊಂಡಳು. "ಓದ್ದೋರ ಮನೇಲಿದ್ರೆ ನಾಕು ಜನ ನೋಡ್ತಾರೆ. ತಗಂಡೋಗಿ ಸ್ವಾಮಿ. ಸಂತೆ ದಿನ ನಾನು ಬಂದು ನೋಡ್ಕಂಡೋಯ್ತೀನಿ."

ಮನೆಗೆ ತಂದವನೇ ಹುಣಸೆಹಣ್ಣು ಹಾಕಿ ತಿಕ್ಕಿ, ಕತ್ತಿಗಳ ಸಂದಿನಲ್ಲಿ ಗಟ್ಟಿಯಾಗಿದ್ದ ಅರಿಸಿನವನ್ನೆಲ್ಲ ಕಡ್ಡಿಯಿಂದ ಕೆರೆದು ತೆಗೆದೆ. ಅದು ಕೊಳೆಯೆಂದೇ ನನ್ನ ತಿಳಿವಳಿಕೆ.

ಸಂತೆಯ ದಿನ ಅವಳು ತಪ್ಪದೆ ಬರುತ್ತಿದ್ದಳು. ಜಗುಲಿಯ ಮೇಲೆ ಕೂತು, ಪದಕವನ್ನು ಅಂಗೈಯಲ್ಲಿಟ್ಟುಕೊಂಡು, ಹೆಬ್ಬೆರಳಿನಿಂದ ಸವರುತ್ತ ಅದಕ್ಕೆ ವಾರದ ಸಮಾಚಾರ ಒಪ್ಪಿಸುತ್ತಿದ್ದಳು. "ಎಮ್ಮೆ ಕರ ಹಾಕ್ತು ಮಗ. ನಿನ್ನ ಸೋದರಮಾವಂಗೆ ಕಣ್ಣು ಕಾಣಾಕಿಲ್ಲ." ಮೊದಮೊದಲು ನನಗೆ ಮರುಕವೆನಿಸಿತು. ಆಮೇಲೆ ಬೇಸರ ಬಂತು. ಗಡಿಯಾರ ನೋಡುತ್ತ ನಿಂತಿರುತ್ತಿದ್ದೆ.

ಆಗ ದಂಡಿನ ಡಾಕ್ಟರು ಕಾಗದ ಬರೆದರು. ನಿಂಗಮ್ಮನ ಶಿಲುಬೆಯ ಹಿಂಬದಿಯಲ್ಲಿದ್ದ ಇಸವಿಯದು ಅವರಲ್ಲಿ ಇರಲಿಲ್ಲ. ಅದನ್ನು ಕೊಟ್ಟರೆ ಬೇರೆ ಇಸವಿಯ ಅಂಥದೇ ಶಿಲುಬೆ, ಜೊತೆಗೆ ನಾನು ಬಹಳ ದಿನದಿಂದ ಆಸೆಪಟ್ಟ ಇನ್ನೊಂದು ಪದಕ. ಇಂಗ್ಲಿಷರ ಪದಕದ ಅಂಚಿನಲ್ಲಿ ಪಡೆದವನ ಹೆಸರು ಕೊರೆದಿರುತ್ತದೆ. ಈ ಶಿಲುಬೆಯ ಮೇಲೆ ಯಾರ ಹೆಸರೂ ಇರಲಿಲ್ಲ. ಓದು ಬಾರದ ಮುದುಕಿಗೆ ಏನು ತಿಳಿದೀತು? ಕಳಿಸಿಬಿಟ್ಟೆ.

ಮುಂದಿನ ಸಂತೆಗೆ ನಿಂಗಮ್ಮ ಬಂದಳು. ಡಾಕ್ಟರು ಬದಲಿಗೆ ಕಳಿಸಿದ ಶಿಲುಬೆ ಕೈಗಿಟ್ಟೆ. ಹೆಬ್ಬೆರಳು ಎರಡು ಸಲ ಸವರಿ ನಿಂತುಬಿಟ್ಟಿತು. ಅವಳ ಮಗನ ಪದಕದಲ್ಲಿ ಆ ಹೆಂಗಸಿನ ಮೂಗು ಸವೆದು ನುಣ್ಣಗಾಗಿತ್ತು. ಇದರಲ್ಲಿ ಚೂಪಾಗಿತ್ತು. ಅದು ನನಗೆ ಹೊಳೆದದ್ದೂ ಆಗಲೇ.

"ಇದು ಯಾರ್ದು ಸ್ವಾಮಿ?"

"ನಿನ್ನ ಮಗಂದೇ ಕಣಮ್ಮ."

ಅವಳು ನನ್ನ ಮುಖ ನೋಡಿದಳು. ಆಮೇಲೆ ಸೆರಗಿನಿಂದ ಶಿಲುಬೆಯನ್ನು ಒರೆಸಿ ನನ್ನ ಕೈಗೆ ಕೊಟ್ಟಳು. "ಪಾಪ, ಯಾವ ತಾಯಿ ಹೆತ್ತ ಮಗಂದೋ. ಇದ್ನಾದ್ರೂ ಜ್ವಾಪಾನ ಮಾಡಿ."

ಮತ್ತೆ ಬರಲಿಲ್ಲ. ಡಾಕ್ಟರಿಗೆ ಬರೆದೆ, ಆ ಪದಕ ಅವರ ಕೈ ದಾಟಿ ಹಡಗು ಹತ್ತಿತ್ತು. ಹಾರನಹಳ್ಳಿಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಸಂತೆಯಿಂದ ಸಂತೆಗೆ ಮುಂದೂಡಿದೆ. ಕೊನೆಗೆ ಹೋದಾಗ ಬಾಗಿಲಿಗೆ ಬೀಗವಿತ್ತು. ತೀರಿಕೊಂಡು ತಿಂಗಳಾಗಿತ್ತು. ಮಗನ ಹೆಸರನ್ನಾದರೂ ಪುಸ್ತಕದಲ್ಲಿ ಬರೆದುಕೊಳ್ಳೋಣವೆಂದು ಪಕ್ಕದ ಮನೆಯವನನ್ನು ಕೇಳಿದೆ. "ಮಿಲಿಟ್ರಿಗೋದೋನು ಅಂತಿದ್ವಿ. ಹೆಸ್ರು ಗ್ಯಾಪ್ಕ ಇಲ್ಲ ಕಣ್ರೀ" ಎಂದ. ಅಷ್ಟು ಸಂತೆ ನನ್ನ ಜಗುಲಿಯಲ್ಲಿ ಕೂತವಳನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ನನ್ನ ಪುಸ್ತಕದಲ್ಲಿ ಅವನು ಹೀಗಿದ್ದಾನೆ: ಕಂಚು, ಹಸಿರು ಪಟ್ಟಿ, ಕೆಂಪು ಗೆರೆ.

ಪದಕ ಕೂಡಿಡುವುದನ್ನು ಅಂದೇ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಈಗ ಮತ್ತೆ ಯುದ್ಧ ನಡೆದಿದೆ. ಇವತ್ತು ಮಧ್ಯಾಹ್ನ ಡ್ಯೂಟಿಗೆ ಹೋದಾಗ ಹೊಸದಾಗಿ ಸೈನ್ಯಕ್ಕೆ ಸೇರಿದವರನ್ನು ತುಂಬಿಕೊಂಡ ಗಾಡಿ ಪುಣೆಯ ಕಡೆಗೆ ಹೊರಟಿತ್ತು. ಅದು ಕಣ್ಮರೆಯಾದ ಮೇಲೆ ಒಬ್ಬ ಹೆಂಗಸು ನನ್ನ ಕಿಟಕಿಗೆ ಬಂದಳು.

"ನಮ್ಮ ಹುಡುಗ್ರು ತಿರುಗಾ ಯಾವಾಗ ಬತ್ತಾರೆ ಸ್ವಾಮಿ?"

ಬೇಗ ಬರ್ತಾರಮ್ಮ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ಲ ಕಣಮ್ಮ" ಎಂದೆ.

ಅವಳು ಕಿಟಕಿಯ ಕಂಬಿ ಹಿಡಿದುಕೊಂಡು ಅಲ್ಲೇ ನಿಂತಳು. ನಾನೂ ಕಿಟಕಿ ಮುಚ್ಚಲಿಲ್ಲ.