ಯಂಕಪ್ಪನ ಮೂಗು

ಜಿಗಣಿಯ ಆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಯಂಕಪ್ಪನನ್ನು ಕೇಳದೆ ಒಂದು ಬಿಂದಿಗೆ ನೀರೂ ಹೊರಗೆ ಹರಿಯುತ್ತಿರಲಿಲ್ಲ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು, ಕಾರ್ಖಾನೆಯ ಹಿಂದೆ ಕೊಳೆನೀರು ಶುದ್ಧ ಮಾಡುವ ತೊಟ್ಟಿಗಳನ್ನು ಕಟ್ಟಿ, ಕಟ್ಟಿದ ಮೇಲೆ ಅವುಗಳ ಕಾವಲಿಗೆ ಅಲ್ಲೇ ಉಳಿದುಕೊಂಡ. ಅದಾಗಿ ಹದಿನಾರು ವರ್ಷ. ಓದು ಏಳನೇ ಕ್ಲಾಸಿಗೆ ನಿಂತಿತ್ತು. ಡಿಪ್ಲೊಮಾ ಮಾಡಿದ ಹುಡುಗರು ಮೀಟರು ಹಿಡಿದು ತಲೆ ಕೆರೆದುಕೊಳ್ಳುವಾಗ ಇವನು ಕಟ್ಟೆಯ ಮೇಲೆ ಕೂತು ಒಮ್ಮೆ ಮೂಸಿ, "ಇವತ್ತ ಹೊಟ್ಟಿ ಕೆಟ್ಟೈತ್ರಿ, ಬಣ್ಣದ ನೀರು ಕಮ್ಮಿ ಬಿಡ್ರಿ" ಅನ್ನುತ್ತಿದ್ದ. ವಾರ ಬಿಟ್ಟು ಬರುವ ಲ್ಯಾಬಿನ ವರದಿಯೂ ಅದನ್ನೇ ಹೇಳುತ್ತಿತ್ತು.

ಹೊಟ್ಟೆ ಅಂದರೆ ತೊಟ್ಟಿಯೊಳಗಿನ ಕೋಟ್ಯಂತರ ಬ್ಯಾಕ್ಟೀರಿಯಾಗಳ ಹೊಟ್ಟೆ. ಮೊದಲ ವರ್ಷ ಇದ್ದ ಶೈಲಾ ಮೇಡಂ ಎಂಬ ಇಂಜಿನಿಯರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದ್ದರು. ಇವಕ್ಕೆ ಹಲ್ಲಿಲ್ಲ, ಕಿಣ್ವವೇ ಇವುಗಳ ಕತ್ತರಿ. ಒಂದು ಕತ್ತರಿ ಒಂದೇ ಬಗೆಯ ಗಂಟನ್ನು ಕತ್ತರಿಸುತ್ತದೆ. ಗಾಳಿಯಾಡದ ಮೊದಲ ತೊಟ್ಟಿಯಲ್ಲಿರುವವು ಬಣ್ಣದ ಗಂಟನ್ನು ಕತ್ತರಿಸುತ್ತವೆ, ಕೆಂಪು ನೀರು ತಿಳಿಯಾಗುತ್ತದೆ. ಆದರೆ ತಿಳಿಯಾಯಿತೆಂದರೆ ಶುದ್ಧವಾಯಿತೆಂದಲ್ಲ. ಕತ್ತರಿಸಿ ಉಳಿದ ತುಂಡುಗಳು ಬಣ್ಣಕ್ಕಿಂತ ಕೆಟ್ಟ ವಿಷ. ಅವನ್ನು ತಿಂದು ಮುಗಿಸುವವು ಗಾಳಿ ಊದುವ ಎರಡನೇ ತೊಟ್ಟಿಯಲ್ಲಿವೆ. "ಕಣ್ಣನ್ನ ನಂಬಬೇಡ ಯಂಕಪ್ಪ, ಮೂಗನ್ನ ನಂಬು" ಅಂದಿದ್ದರು ಮೇಡಂ. ಎರಡನೇ ತೊಟ್ಟಿ ಆರೋಗ್ಯವಾಗಿದ್ದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದಂತೆ. ಬರುತ್ತಿತ್ತು ಕೂಡ. ಬೆಳಿಗ್ಗೆ ಆ ವಾಸನೆ ಕುಡಿಯದೆ ಯಂಕಪ್ಪ ಟೀ ಕುಡಿದವನಲ್ಲ.

ಕಾಂಪೌಂಡಿನ ಆಚೆ ಅನುಸೂಯಮ್ಮನ ಮನೆ. ಆಕೆ ಅದೇ ಊರಿನವಳು. ಜಮೀನೆಲ್ಲ ಕಾರ್ಖಾನೆಗಳಿಗೆ ಹೋಗಿ, ಮನೆಯೊಂದು, ನಾಲ್ಕು ಹಸು, ಹತ್ತು ಗುಂಟೆ ಉಳಿದಿದ್ದವು. ಕಾರ್ಖಾನೆಯಿಂದ ಬರುವ ನೀರಿನಲ್ಲೇ ಸೀಮೆಹುಲ್ಲು ಬೆಳೆಯುತ್ತಿದ್ದಳು, ಹಸುಗಳು ಆ ಕಾಲುವೆಗೇ ಬಾಯಿ ಹಾಕುತ್ತಿದ್ದವು. ಬಣ್ಣದ ನೀರು ಬಾರದ ರಜೆಯ ದಿನ ತೊಟ್ಟಿಯಲ್ಲಿರುವವು ಉಪವಾಸ ಬೀಳಬಾರದೆಂದು ಯಂಕಪ್ಪ ಸಗಣಿ, ಬೆಲ್ಲ ಕದಡಿ ಸುರಿಯುತ್ತಿದ್ದ. ಆ ಸಗಣಿ ಅನುಸೂಯಮ್ಮನದು. ಬುಟ್ಟಿ ಹೊತ್ತು ಬಂದು, "ನಿನ್ನ್ ಮಕ್ಕಳಿಗೆ ಊಟ ತಂದಿವ್ನಿ ಕಣಪ್ಪ" ಎಂದು ಛೇಡಿಸುತ್ತಿದ್ದಳು.

ಈ ಸಲದ ಯುಗಾದಿ ಹೊತ್ತಿಗೆ ಯಂಕಪ್ಪನಿಗೆ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಒಲೆಯ ಮುಂದೆ ಕೂತಿದ್ದಾಗ ಬೇಳೆ ತಳ ಹಿಡಿದು ಸೀದದ್ದು ಅವನಿಗೆ ತಿಳಿಯಲಿಲ್ಲ. ಹೆಂಡತಿ ಮಹಾನಂದಾ ಹೊರಗಿನಿಂದ ಓಡಿ ಬಂದು ಪಾತ್ರೆ ಇಳಿಸಿ, ಮರುದಿನವೇ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಳು. ಆಸ್ಪತ್ರೆಯವರು, ವಾಸನೆ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಅಂದರು. ಕಾರ್ಖಾನೆಯಲ್ಲಿ ಅವನು ಬಾಯಿ ಬಿಡಲಿಲ್ಲ. ಮೂಗು ಹೋದ ಯಂಕಪ್ಪನಿಗೆ ತೊಟ್ಟಿಯ ಹತ್ತಿರ ಏನು ಕೆಲಸ? ದಿನವೂ ಕಟ್ಟೆಯ ಮೇಲೆ ಕೂತು ಮೂಸಿದಂತೆ ಮಾಡಿ, ನೊರೆಯ ಬಣ್ಣ ನೋಡಿ ಅಂದಾಜಿನಲ್ಲಿ ಹೇಳುತ್ತಿದ್ದ. ಅಂದಾಜು ಆರು ತಿಂಗಳು ಕೈ ಹಿಡಿಯಿತು.

ಆಮೇಲೆ ಆಯುಧಪೂಜೆ ಬಂತು. ಹಿಂದಿನ ದಿನ ಕಾರ್ಖಾನೆಯ ನೆಲವನ್ನೆಲ್ಲ ತೊಳೆಯುವುದು ರೂಢಿ. ಮೊದಲು ಸೋಪಿನ ನೀರು, ಕೊನೆಗೆ ಬ್ಲೀಚಿಂಗ್ ಪೌಡರಿನ ನೀರು. ಸೋಪು ಬಂದರೆ ತೊಟ್ಟಿ ತಡೆದುಕೊಳ್ಳುತ್ತದೆ, ಬ್ಲೀಚಿಂಗ್ ಬಂದರೆ ಒಳಗಿರುವವೆಲ್ಲ ಸಾಯುತ್ತವೆ. ಬೇರೆ ಕಡೆ ತಿರುಗಿಸಲು ಇರುವ ಗುಂಡಿ ಚಿಕ್ಕದು, ಎಲ್ಲ ನೀರು ಹಿಡಿಸುವುದಿಲ್ಲ. ಅದಕ್ಕೇ ಪ್ರತಿ ವರ್ಷ ಯಂಕಪ್ಪ ಮೋರಿಯ ಬಾಯಲ್ಲಿ ಕಾದು ನಿಂತು, ಬ್ಲೀಚಿಂಗಿನ ಘಾಟು ಮೂಗಿಗೆ ಹೊಡೆದ ಕ್ಷಣ ಹಲಗೆ ಇಳಿಸಿ ನೀರನ್ನು ಗುಂಡಿಗೆ ತಿರುಗಿಸುತ್ತಿದ್ದ. ಈ ವರ್ಷವೂ ನಿಂತ. ಕಸ ಗುಡಿಸಿ ನೆಲ ತೊಳೆಯುವ ಬಸಮ್ಮನಿಗೆ "ಬ್ಲೀಚಿಂಗ್ ಬಿಡೂ ಮುಂದ ಒಂದ್ ಮಾತು ಕೂಗವ್ವಾ" ಅಂದಿದ್ದರೆ ಸಾಕಿತ್ತು. ಹಾಗೆ ಕೇಳಿದರೆ ಯಾಕೆಂದು ಕೇಳುತ್ತಾರಲ್ಲ! ಕೇಳಲಿಲ್ಲ. ನೀರು ಬಂತು, ನೋಡಿದರೆ ನೀರಿನಂತೆಯೇ ಇತ್ತು, ತೊಟ್ಟಿಗೆ ಇಳಿಯಿತು.

ಮಾರನೆಯ ದಿನ ಗಾಳಿ ಊದುವ ಯಂತ್ರಕ್ಕೆ ಚೆಂಡುಹೂವಿನ ಹಾರ ಹಾಕಿ ಕುಂಬಳಕಾಯಿ ಒಡೆದರು. ಯಂತ್ರಕ್ಕೆ ಆರತಿ, ದುಡಿಯುವವಕ್ಕೆ ವಿಷ. ಎಂಥ ಪೂಜೆಯೋ! ಮೂರನೇ ದಿನ ಕೆಂಪು ನೀರು ಕೆಂಪಾಗಿಯೇ ಉಳಿಯಿತು. ತೊಟ್ಟಿಯ ಮೇಲೆ ಬಿಳಿ ನೊರೆ ಎದ್ದಿತು. ಮ್ಯಾನೇಜರ್ ಗುರುರಾಜ್ ಹೊರಗಿನ ವಾಲ್ವ್ ಮುಚ್ಚಿಸಿ ಬ್ಲೀಚಿಂಗ್ ಹೆಚ್ಚು ಸುರಿದಳೆಂದು ಬಸಮ್ಮನನ್ನು ಬಾಯಿಗೆ ಬಂದಂತೆ ಬೈದ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋಗುವುದನ್ನು ಯಂಕಪ್ಪ ನೋಡುತ್ತ ನಿಂತ.

ಸಗಣಿ, ಬೆಲ್ಲ ಸುರಿದು ಹಗಲೂ ರಾತ್ರಿ ಆರೈಕೆ ಮಾಡಿದ. ವಾಲ್ವ್ ಮುಚ್ಚಿದ ಒಂಬತ್ತನೇ ದಿನ ನೀರು ತಿಳಿಯಾಯಿತು. ಗಾಜಿನ ಕೊಳವೆಯಲ್ಲಿ ಹಿಡಿದರೆ ಆಚೆ ನಿಂತವರ ಮುಖ ಕಾಣುವಷ್ಟು ತಿಳಿ. ಗುರುರಾಜ್ ಖುಷಿಯಾದ.

"ಲ್ಯಾಬ್ ರಿಪೋರ್ಟ್ ಬರೋಕೆ ಇನ್ನೊಂದ್ ವಾರ ಆಗುತ್ತೆ. ನೀರು ಇಟ್ಕೊಳ್ಳೋಕೆ ಜಾಗ ಇಲ್ಲ ಕಣಪ್ಪ. ನೀನು ಮೂಸಿ ಹೇಳ್ಬಿಡು ಯಂಕಪ್ಪ, ಬಿಡೋಣ್ವಾ?"

ಯಂಕಪ್ಪ ಕೊಳವೆಯನ್ನು ಮೂಗಿನ ಹತ್ತಿರ ತಂದ. ಏನೂ ಇಲ್ಲ. ನೀರು ತಿಳಿಯಾದದ್ದು ಮೊದಲ ತೊಟ್ಟಿ ಬದುಕಿದ್ದಕ್ಕೆ. ಎರಡನೆಯದು ಬದುಕಿದೆಯೋ ಇಲ್ಲವೋ ಹೇಳಬೇಕಾದ್ದು ಮೂಗು. ಹೂಂ ಅಂದರೆ ಕೆಲಸ ಉಳಿಯುತ್ತದೆ. ಕಾಂಪೌಂಡಿನ ಆಚೆ ಅನುಸೂಯಮ್ಮನ ಹಸು ಅಂಬಾ ಅಂದಿತು. ಒಂಬತ್ತು ದಿನದಿಂದ ಕಾಲುವೆ ಒಣಗಿತ್ತು.

"ಸರ, ನನಗ ವಾಸನಿ ಬರಂಗಿಲ್ರಿ" ಅಂದ ಯಂಕಪ್ಪ. "ಉಗಾದಿ ಜ್ವರದಾಗ ಹೋತ್ರಿ. ಅವತ್ತ ಬ್ಲೀಚಿಂಗ್ ನೀರು ಬಂದಿದ್ದು ನನಗ ತಿಳೀಲಿಲ್ಲ. ಬಸಮ್ಮಂದೇನೂ ತಪ್ಪಿಲ್ರಿ, ತಪ್ಪು ನಂದೈತಿ."

"ಆರು ತಿಂಗಳು ನನ್ನ ಮುಂದೆ ನಾಟಕ ಆಡಿದ್ಯಾ?" ಎಂದು ಗುರುರಾಜ್ ಕೊಳವೆ ಕಿತ್ತುಕೊಂಡು ತಾನೇ ಮೂಸಿದ. ಅವನಿಗೆ ಕಾರ್ಖಾನೆಯ ಯಾವ ವಾಸನೆ ಯಾವುದೆಂದು ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ಸಗಣಿ ಬುಟ್ಟಿ ಹೊತ್ತು ಅನುಸೂಯಮ್ಮ ಬಂದಳು. ಯಂಕಪ್ಪ ಕೊಳವೆಯನ್ನು ಗುರುರಾಜನ ಕೈಯಿಂದ ತೆಗೆದುಕೊಂಡು ಆಕೆಯ ಮುಂದೆ ಹಿಡಿದ.

"ಒಮ್ಮಿ ಮೂಸ್ರಿ ಅಮ್ಮಾರ."

ಅನುಸೂಯಮ್ಮ ಮೂಸಿದವಳೇ ಮುಖ ತಿರುಗಿಸಿದಳು. "ಥೂ! ಮೀನು ಕೊಳ್ತಂಗೈತೆ. ಇದನ್ನಾ ನಮ್ಮ್ ಅಸುಗೊಳ್ಗೆ ಬಿಡಕ್ಕೆ ಒಂಟಿರದು?"

ಬಣ್ಣ ತುಂಡಾಗಿ ಉಳಿದ ವಿಷದ ವಾಸನೆ ಅದು. ಶೈಲಾ ಮೇಡಂ ಹೇಳಿದ್ದು ಅವನಿಗೆ ನೆನಪಿತ್ತು. ಒಂದು ಹೂಂ ಅಂದಿದ್ದರೆ ಇಷ್ಟು ಹೊತ್ತಿಗೆ ಅದು ಹಸುಗಳ ಬಾಯಲ್ಲಿರುತ್ತಿತ್ತು.

ವಾಲ್ವ್ ತೆರೆಯಲಿಲ್ಲ. ಬಣ್ಣದ ಕೆಲಸ ನಿಲ್ಲಿಸಿದರು. ಹಾಲಿಗೆ ಹೆಪ್ಪು ತರುವಂತೆ ಹೆಬ್ಬಗೋಡಿಯ ಇನ್ನೊಂದು ಕಾರ್ಖಾನೆಯ ತೊಟ್ಟಿಯಿಂದ ಟ್ಯಾಂಕರಿನಲ್ಲಿ ಜೀವಂತ ಕೆಸರು ತಂದು ಸುರಿದರು. ಬಸಮ್ಮನ ಮುಂದೆ ಯಂಕಪ್ಪ ಕೈ ಮುಗಿದ. ಅವಳು "ಬಿಡಣ್ಣ" ಎಂದು ಪೊರಕೆ ಹಿಡಿದು ನಡೆದಳು. ತಿಂಗಳ ಕೊನೆಗೆ ಡಿಪ್ಲೊಮಾ ಹುಡುಗನೊಬ್ಬ ಬರುತ್ತಾನೆ, ಯಂಕಪ್ಪ ಗೋದಾಮಿಗೆ ಹೋಗಬೇಕು ಎಂದು ಗುರುರಾಜ್ ತೀರ್ಮಾನಿಸಿದ.

ತೊಟ್ಟಿಯ ಹತ್ತಿರ ಅವನ ಕೊನೆಯ ದಿನ ಬೆಳಿಗ್ಗೆ ಲ್ಯಾಬಿನ ವರದಿ ಬಂತು, ನೀರು ಬಿಡಬಹುದು ಎಂದಿತ್ತು. ಆದರೂ ಅವನು ಅನುಸೂಯಮ್ಮನನ್ನು ಕರೆಸಿದ. ಆಕೆ ಎರಡನೇ ತೊಟ್ಟಿಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ಮೊದಲ್ನೇ ಮಳೆ ಬಿದ್ದಂಗೈತೆ ಕಣಪ್ಪ."

ಯಂಕಪ್ಪನೂ ಪಕ್ಕದಲ್ಲಿ ಬಗ್ಗಿ ಎದೆ ತುಂಬ ಉಸಿರೆಳೆದ. ಏನೂ ಬರಲಿಲ್ಲ. ಹದಿನಾರು ವರ್ಷದಲ್ಲಿ ಒಮ್ಮೆಯೂ ಅಳದವನ ಕಣ್ಣಲ್ಲಿ ನೀರು ಬಂತು.

"ಇನ್ನೊಮ್ಮಿ ಹೇಳ್ರಿ ಅಮ್ಮಾರ" ಅಂದ.

ಆಕೆ ಇನ್ನೊಮ್ಮೆ ಹೇಳಿದಳು. ಯಂಕಪ್ಪ ಎದ್ದು ಹೋಗಿ ವಾಲ್ವ್ ತಿರುಗಿಸಿದ.