ಬಲ ಅಂಚು ಮೇಲೆ ಬಂದಾಗ

2006ರ ಜನವರಿ. ಮಸ್ಕತ್ತಿನಲ್ಲಿ ಬೆಳಿಗ್ಗೆ ಎಂಟು ದಾಟಿದೆ. ವಸ್ತುಸಂಗ್ರಹಾಲಯದ ಒಳಗೆ ಕೊಗ್ಗಣ್ಣ ಬಿಳಿ ಕೈಗವಸು ತೊಟ್ಟು, ನಿನ್ನೆ ತಾವೇ ಬೊಂಬೆಗೆ ಉಡಿಸಿದ ರೇಷ್ಮೆಯ ಕಿಮೋನೊವನ್ನು ತಾವೇ ಬಿಚ್ಚುತ್ತಿದ್ದಾರೆ. ತಂದಿಟ್ಟ ಚಹಾ ಆರಿಹೋಗಿದೆ. ಹತ್ತು ಗಂಟೆಗೆ ಜಪಾನಿ ಉಡುಪುಗಳ ಪ್ರದರ್ಶನ ಶುರು.

"ಯಲ್ಲಾ ಕೊಗ್ಗಣ್ಣ, ಬೇಗ!" ಎನ್ನುತ್ತಾರೆ ಇಲ್ಲಿಯ ಮೇಲ್ವಿಚಾರಕ, ಕರಾವಳಿಯವರೇ ಆದ ಮ್ಯಾಕ್ಸಿಮ್.

"ಬೇಗ ಮಾಡಿಯೇ ಹೀಗಾದದ್ದು ಮಾರ್ರೆ. ಸ್ವಲ್ಪ ಸುಮ್ಮನಿರಿ."

ಬಂಟ್ವಾಳದ ಕಡೆಯ ಕೊಗ್ಗಣ್ಣನಿಗೆ ಇದೇ ಊರಿನ ಹಮ್ರಿಯಾದಲ್ಲಿ ಲೇಡೀಸ್ ಟೈಲರ್ ಅಂಗಡಿಯಿದೆ. ರವಿಕೆ ಹೊಲಿದು ಹೊಲಿದೇ ತಲೆ ನರೆತಿದೆ. ಒಮ್ಮೆ ಇಲ್ಲಿಯ ಹರಿದ ಪರದೆ ಹೊಲಿಯಲು ಬಂದವರ ಹಗುರ ಕೈ ಕಂಡು, ಸಂಗ್ರಹಾಲಯದವರು ಹಳೆಯ ಬಟ್ಟೆಗಳನ್ನು ಬೊಂಬೆಗೆ ಉಡಿಸುವ ಕೆಲಸವನ್ನೂ ಒಪ್ಪಿಸಿದರು. ನೋಡಲು ಬಂದವರಿಗೆ ಬಟ್ಟೆ ಕಾಣುತ್ತದೆ, ಉಡಿಸಿದವರು ಕಾಣುವುದಿಲ್ಲ.

ಹೆಂಗಸರ ರವಿಕೆಯಲ್ಲಿ ಬಲ ಅಂಚು ಮೇಲೆ. ಕಿಮೋನೊದಲ್ಲಿ ಗಂಡಿಗೂ ಹೆಣ್ಣಿಗೂ ಎಡ ಅಂಚೇ ಮೇಲೆ. ಬಲ ಮೇಲೆ ಬರುವುದು ಹೆಣಕ್ಕೆ ಮಾತ್ರ. ನಿನ್ನೆ ಉಳಿದ ಕಿಮೋನೊಗಳನ್ನು ಉಡಿಸುವಾಗ ಜಪಾನಿನ ಹರುಕೊ ಮೇಡಂ ಪಕ್ಕದಲ್ಲಿದ್ದರು. ಕೊನೆಯದನ್ನು ಅವಸರದಲ್ಲಿ ಒಬ್ಬರೇ ಉಡಿಸುವಾಗ ಕೊಗ್ಗಣ್ಣನ ಕೈ ತನ್ನ ಹಳೇ ರೂಢಿಗೆ ಹೊರಳಿತು. ನಸುಕಿನಲ್ಲಿ ತಪಾಸಣೆಗೆ ಬಂದ ಮೇಡಂ ಅದನ್ನು ನೋಡಿ ಬಾಯಿಗೆ ಕೈ ಅಡ್ಡ ಇಟ್ಟರಂತೆ. ಅದು ಅವರ ತಾಯಿಯ ಮದುವೆಯ ಕಿಮೋನೊ. ಆ ತಾಯಿ ಮಸ್ಕತ್ತಿಗೆ ಬಂದಿದ್ದಾರೆ, ಹತ್ತಕ್ಕೆ ಇಲ್ಲಿಗೂ ಬರುತ್ತಾರೆ.

"ಬೈದಿದ್ರೆ ಸಮಾಧಾನ ಆಗ್ತಿತ್ತು. ಅವ್ರು ಬೈಯ್ಲೂ ಇಲ್ಲ," ಎನ್ನುತ್ತಾರೆ ಕೊಗ್ಗಣ್ಣ. "ನಮ್ಮಲ್ಲಿಯೂ ಸತ್ತವ್ರಿಗೆ ಬಾಳೆಲೆ ಉಲ್ಟಾ ಹಾಕುದಲ್ವಾ? ಬದುಕಿದ್ದವ್ರ ಎದುರು ಹಾಗೆ ಹಾಕಿದ್ರೆ ಅವ್ರಿಗೆ ಹೇಗಾಗ್ಬೇಡ?"

ಅಗಲವಾದ ಸೊಂಟಪಟ್ಟಿ ಬಿಚ್ಚಬೇಕು, ಒಳಗಿನ ದಾರಗಳ ಗಂಟು ಬಿಡಿಸಬೇಕು, ಅಂಚು ಬದಲಿಸಿ ಎಲ್ಲವನ್ನೂ ಮತ್ತೆ ಕಟ್ಟಬೇಕು. ಎಳೆದರೆ ಹಳೆಯ ರೇಷ್ಮೆ ಸೀಳುತ್ತದೆ, ನಿಧಾನಿಸಿದರೆ ಬಾಗಿಲು ತೆರೆಯುತ್ತದೆ. ಕೊನೆಯ ಗಂಟು ಬಿದ್ದಾಗ ಹೊರಗೆ ಕಾರುಗಳ ಸದ್ದು.

ಅಜ್ಜಿ ಮಗಳ ತೋಳು ಹಿಡಿದು ಬರುತ್ತಾರೆ. ಕೊಗ್ಗಣ್ಣ ಕಂಬದ ಮರೆಗೆ ಸರಿದು ಬೆವರು ಒರೆಸಿಕೊಳ್ಳುತ್ತಾರೆ. ತಮ್ಮ ಕಿಮೋನೊದ ಎದುರು ಅಜ್ಜಿ ತುಂಬ ಹೊತ್ತು ನಿಲ್ಲುತ್ತಾರೆ. ಆಮೇಲೆ ಮಗಳ ಕಿವಿಯಲ್ಲಿ ಏನೋ ಹೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

"ಎಂತ ಹೇಳಿದ್ರು? ಎಂತ ಹೇಳಿದ್ರು?" ಕೊಗ್ಗಣ್ಣ ಮ್ಯಾಕ್ಸಿಮ್‌ರ ತೋಳು ಜಗ್ಗುತ್ತಾರೆ.

ಮ್ಯಾಕ್ಸಿಮ್ ಮೇಡಂ ಬಳಿ ಹೋಗಿ ಕೇಳಿ ಬರುತ್ತಾರೆ. "ಮದುವೆ ದಿನ ಪಟ್ಟಿ ಎಷ್ಟು ಬಿಗಿ ಇತ್ತಂದ್ರೆ, ಊಟವೇ ಒಳಗೆ ಹೋಗ್ಲಿಲ್ಲವಂತೆ."

ಕೊಗ್ಗಣ್ಣ ಬೆಳಗಿನಿಂದ ಮೊದಲ ಬಾರಿಗೆ ನಗುತ್ತಾರೆ.

"ನನ್ನ ಅಂಗಡಿಗೆ ಬಂದಿದ್ರೆ ಹಾಗಾಗ್ತಿರ್ಲಿಲ್ಲ. ಮದುವೆ ರವಿಕೆಗೆ ಊಟದ ಜಾಗ ಬಿಟ್ಟೇ ಹೊಲಿಯುದು ನಾನು."