ಶಾರ್ಶೆನ್ ಅಜ್ಜನ ಕೈಗುಣ

ಬುರುಲ್ಚಾ ಮದುವೆಯಾಗಿ ಕೊಚ್ಕೋರ್ ಎಂಬ ಹಳ್ಳಿಗೆ ಬಂದಾಗ ಅವಳ ಪೆಟ್ಟಿಗೆಯ ತಳದಲ್ಲಿ ಹನ್ನೊಂದು ಮನೆಗಳ ನಕ್ಷೆಗಳಿದ್ದವು. ರಾಜಧಾನಿ ಬಿಷ್ಕೆಕ್‌ನ ಕಾಲೇಜಿನಲ್ಲಿ ನಾಲ್ಕು ವರ್ಷ ಬೆನ್ನು ಬಗ್ಗಿಸಿ ಕಲಿತ ವಿದ್ಯೆ. ಅದು ಗಂಡನ ಮನೆಯಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ ಸಲ. ಅತ್ತೆ ಕಾಲಿಪಾ ಹೊಸ ಕೊಟ್ಟಿಗೆಗೊಂದು ನಕ್ಷೆ ಕೇಳಿದರು. ಬುರುಲ್ಚಾ ಗಾಳಿ, ಬೆಳಕು, ಹಿಮದ ಭಾರ ಎಲ್ಲ ಲೆಕ್ಕ ಹಾಕಿ ಬರೆದುಕೊಟ್ಟಳು. ಎಲ್ಲರೂ ನೋಡಿ ಭೇಷ್ ಅಂದರು, ಆಮೇಲೆ ಕೊಟ್ಟಿಗೆಯನ್ನು ಹಳೆಯದಿದ್ದ ಹಾಗೆಯೇ ಕಟ್ಟಿದರು.

ಉಳಿದ ಎರಡು ವರ್ಷವನ್ನು ಅವಳು ಚಹಾ ಬಗ್ಗಿಸಿ ಕಳೆದಳು. ಆ ಕಡೆ ಸೊಸೆ ಬಟ್ಟಲಿಗೆ ಅರ್ಧವೇ ಚಹಾ ಹಾಕಬೇಕು. ತುಂಬಿಸಿ ಕೊಟ್ಟರೆ ಕುಡಿದು ಬೇಗ ಜಾಗ ಖಾಲಿ ಮಾಡಿ ಎಂದ ಹಾಗಾಗುತ್ತದೆ. ಹಾಗಾಗಿ ಬಂದ ನೆಂಟ ಹತ್ತು ಸಲ ಬಟ್ಟಲು ಚಾಚುತ್ತಾನೆ, ಸೊಸೆ ಹತ್ತು ಸಲ ಬಗ್ಗಿಸುತ್ತಾಳೆ. ಹಿರಿಯರ ಹೆಸರು ಬಾಯಲ್ಲಿ ಬರಬಾರದು, ಹಿರಿಯರಿಗೆ ಎದುರು ಮಾತು ಮನಸ್ಸಿನಲ್ಲೂ ಬರಬಾರದು. ಬುರುಲ್ಚಾಗೆ ಇದೆಲ್ಲ ಕಷ್ಟವಾಗಿರಲಿಲ್ಲ, ಬೇಸರವಾಗಿತ್ತು ಅಷ್ಟೆ.

ಅಂಥವಳಿಗೆ, ಅವಳು ಅರ್ಜಿ ಹಾಕಿದ್ದ ಬಿಷ್ಕೆಕ್‌ನ ಒಂದು ಕಚೇರಿಯಿಂದ ಫೋನ್ ಬಂತು. ಒಂದು ಮನೆಯ ನಕ್ಷೆ ಬರೆದು ಶುಕ್ರವಾರ ಸಂಜೆ ಐದರೊಳಗೆ ಕಳಿಸಬೇಕು. ಒಪ್ಪಿಗೆಯಾದರೆ ಮನೆಯಲ್ಲೇ ಕೂತು ತಿಂಗಳು ತಿಂಗಳು ಕೆಲಸ. ಮೂವತ್ತು ಜನ ಅರ್ಜಿ ಹಾಕಿದ್ದಾರೆ, ಒಂದು ನಿಮಿಷ ತಡವಾದರೂ ನೋಡುವುದಿಲ್ಲ ಎಂದು ಫೋನ್ ಮಾಡಿದ ಹೆಂಗಸು ಖಡಾಖಂಡಿತವಾಗಿ ಹೇಳಿದಳು.

"ಮನೆ ಬಿಟ್ಟು ಹೋಗೋ ಹಾಗಿಲ್ಲ ತಾನೇ? ಹಾಗಾದ್ರೆ ಮಾಡ್ಲಿ ಬಿಡು," ಎಂದರು ಕಾಲಿಪಾ ಮಗನಿಗೆ. ಆ ಒಂದು ಮಾತಿಗೆ ಬುರುಲ್ಚಾಳ ಕಣ್ಣಲ್ಲಿ ನೀರು ಬಂತು.

ಆದರೆ ಕಂಪ್ಯೂಟರ್ ಎಲ್ಲಿ? ಶಾಲೆಯಲ್ಲಿದ್ದವು ಓಬೀರಾಯನ ಕಾಲದವು, ಅಂಥ ಕೆಲಸದ ಭಾರ ತಾಳುವಂಥವಲ್ಲ. ಮದುವೆ ಮುಂಜಿ ಬಂದರೆ ನೆಂಟರೆಲ್ಲ ಸೇರಿ ಕೈ ಹಾಕುವ ಪದ್ಧತಿ ಆ ಜನರದ್ದು. ಕಂಪ್ಯೂಟರಿಗೂ ಹಾಗೆಯೇ ಆಯಿತು. ಗಂಡ ಎರ್ಮೆಕ್ ಎರಡು ಕುರಿ ಮಾರಿ ಪ್ರೊಸೆಸರ್ ತಂದ, ನಾದಿನಿ ಪರದೆ ಕೊಟ್ಟಳು, ಅತ್ತೆಯ ತಮ್ಮ ನರಿನ್‌ನಿಂದ ಮದರ್‌ಬೋರ್ಡ್ ಕಳಿಸಿದ. ಬುರುಲ್ಚಾಳ ತಾಯಿ ಅನಾರ್ಕುಲ್ ಗಂಡ ಸತ್ತ ಮೇಲೆ ಬಾಲಿಕ್ಚಿಯಲ್ಲಿ ಹೆದ್ದಾರಿ ಪಕ್ಕ ಹೊಗೆಯಲ್ಲಿ ಒಣಗಿಸಿದ ಮೀನು ಮಾರುತ್ತಿದ್ದವಳು. ತನ್ನ ಪಾಲೂ ಇರಲಿ ಎಂದು ಅವಳು ಕರೆಂಟಿನ ಪೆಟ್ಟಿಗೆ, ಅಂದರೆ ಪವರ್ ಸಪ್ಲೈ, ಬಿಷ್ಕೆಕ್‌ನ ಬಜಾರಿನಲ್ಲಿ ಕೊಂಡು ಕಳಿಸಿದಳು. ಅದರ ಡಬ್ಬಿ ಮೀನಿನ ವಾಸನೆ ಹೊಡೆಯುತ್ತಿತ್ತು.

ಮಂಗಳವಾರ ಎಲ್ಲವನ್ನೂ ಮೇಜಿನ ಮೇಲೆ ಹರಡಿದರು. ಇಲ್ಲಿ ಆದದ್ದೇ ಮುಂದಿನದಕ್ಕೆಲ್ಲ ಮೂಲ. ಮನೆ ಕಟ್ಟುವಾಗ ಮೊದಲ ಇಟ್ಟಿಗೆ ಇಡುವವರು ಹಿರಿಯರು, ಕುರಿ ಕೊಯ್ದರೆ ಮೊದಲ ತುಂಡು ಕತ್ತರಿಸುವವರೂ ಹಿರಿಯರು. ಕಂಪ್ಯೂಟರಿನ ಮೊದಲ ತುಂಡು ಇನ್ಯಾರು ಇಟ್ಟಾರು? ಕಾಲಿಪಾ ತಮ್ಮ ಮಾವನನ್ನು, ಮನೆಯವರೆಲ್ಲ ಅತಾ ಎಂದು ಕರೆಯುವ ಎಂಬತ್ತೊಂದರ ಶಾರ್ಶೆನ್ ಅಜ್ಜನನ್ನು, ಕೈ ಹಿಡಿದು ಕರೆತಂದರು.

"ಯಾವುದು ಮುಖ್ಯವಾದ್ದು?" ಎಂದ ಅಜ್ಜ.

"ಇದು ಅತಾ. ಇದೇ ಇದರ ಮಿದುಳು," ಎಂದು ಎರ್ಮೆಕ್ ಪ್ರೊಸೆಸರನ್ನು ಅವನ ಅಂಗೈಯಲ್ಲಿಟ್ಟ.

ಬಿಲ್ಲೆಯಂಥ ಆ ತುಂಡು ಕೂರುವ ಜಾಗದಲ್ಲಿ ಕೂದಲಿಗಿಂತ ತೆಳ್ಳಗಿನ ಸಾವಿರಾರು ಸೂಜಿಗಳಿರುತ್ತವೆ. ಉಸಿರು ಬಿಗಿಹಿಡಿದು ನೇರವಾಗಿ ಇಳಿಸಬೇಕು. ಅಜ್ಜನ ಕೈ ಊಟದ ಚಮಚ ಹಿಡಿದಾಗಲೂ ನಡುಗುವ ಕೈ. ಬಿಸ್ಮಿಲ್ಲಾ ಎಂದು ಇಳಿಸಿದ. ಒಂದು ಮೂಲೆ ಜಾರಿ ಸೂಜಿಗಳ ಮೇಲೆ ಬಿತ್ತು, ಅಜ್ಜ ಅದನ್ನು ಬೆರಳಿನಿಂದ ಎಳೆದು ಸರಿಮಾಡಿದ. ಎಲ್ಲರೂ ಆಗ ಪ್ರಾರ್ಥನೆಗೆ ಅಂಗೈ ಎತ್ತಿಕೊಂಡು ಅಜ್ಜನ ಮುಖವನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದ ಬುರುಲ್ಚಾ ಒಬ್ಬಳೇ ಕೈಯನ್ನು ನೋಡಿದಳು. "ಇದರಿಂದ ನಮ್ಮ ಮಗಳಿಗೆ ಒಳ್ಳೇದಾಗ್ಲಿ," ಎಂದು ಅಜ್ಜ ಮನಸಾರೆ ಹರಸಿದ. ಓಮಿನ್, ಹಾಗೇ ಆಗಲಿ, ಎಂದು ಎಲ್ಲರೂ ಮುಖ ಸವರಿಕೊಂಡರು. ಎರ್ಮೆಕ್ ಮುಚ್ಚಳ ಒತ್ತಿ ಚಿಲಕ ಹಾಕಿದ.

ಗುಂಡಿ ಒತ್ತಿದರೆ ಫ್ಯಾನು ಒಂದು ಸುತ್ತು ತಿರುಗಿ ನಿಂತುಬಿಟ್ಟಿತು. ಮತ್ತೆ ಒತ್ತಿದರು, ಮತ್ತೆ ಒಂದೇ ಸುತ್ತು. ಪರದೆಯ ಮೇಲೆ ಏನೂ ಮೂಡಲಿಲ್ಲ. ಬೇರೆ ಗೋಡೆಯ ಪ್ಲಗ್ಗಿಗೆ ಹಾಕಿದರು. ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದರು. ನೆರೆಯವರು ಅಭಿನಂದನೆ ಹೇಳಲು ರೊಟ್ಟಿ, ಕೆನೆ ಹಿಡಿದು ಒಬ್ಬೊಬ್ಬರಾಗಿ ಬರುತ್ತಲೇ ಇದ್ದರು. ಬುರುಲ್ಚಾ ಅವರಿಗೆಲ್ಲ ಅರ್ಧರ್ಧ ಬಟ್ಟಲು ಚಹಾ ಬಗ್ಗಿಸಿದಳು.

ಬುಧವಾರ ಬೆಳಿಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಫೋನಿನ ವೀಡಿಯೊದಲ್ಲಿ ಯಾರೋ ಹೇಳಿಕೊಟ್ಟ ಹಾಗೆ ಒಂದೊಂದೇ ನೋಡುತ್ತ ಬಂದಳು. ತಾಯಿ ಕೊಟ್ಟ ಕರೆಂಟಿನ ಪೆಟ್ಟಿಗೆಯನ್ನು ಬಿಚ್ಚಿ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ತಂತಿಯ ತುಂಡು ಸೇರಿಸಿದಾಗ ಅದರ ಫ್ಯಾನು ಭರ್ರೆಂದು ತಿರುಗಿತು, ನಿಲ್ಲಲೇ ಇಲ್ಲ. ಕೆಟ್ಟಿದ್ದು ಅದಲ್ಲ. ಆಮೇಲೆ ಚಿಲಕ ತೆಗೆದು, ಪ್ರೊಸೆಸರ್ ಎತ್ತಿ, ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದಳು. ಮೂಲೆಯಲ್ಲಿ ಮೂರು ಸೂಜಿಗಳು ಅಡ್ಡಡ್ಡ ಮಲಗಿದ್ದವು. ಹೊಲಿಗೆ ಸೂಜಿಯಿಂದ ಮೆಲ್ಲಗೆ ಎಬ್ಬಿಸಿದಳು. ಒಂದು ಎದ್ದಿತು, ಎರಡನೆಯದೂ ಎದ್ದಿತು, ಮೂರನೆಯದು ಮುರಿಯಿತು. ಅವಳಿಗೆ ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು.

ಎರ್ಮೆಕ್ ಬಂದಾಗ ಅವನನ್ನು ಅಂಗಳಕ್ಕೆ ಕರೆದು ಎಲ್ಲ ಹೇಳಿದಳು.

"ಅತಾ ಹಾಳು ಮಾಡಿದ್ರು ಅಂತ ಯಾರು ಹೇಳೋದು? ನಾನಾ, ನೀನಾ?" ಎಂದ ಅವನು. ಆಮೇಲೆ, "ಅದ್ರ ಮೇಲೆ ನೀನೂ ಒಂದು ಮುರಿದಿದೀಯ. ಎಲ್ಲಾ ನಿನ್ನ ತಲೆಗೇ ಕಟ್ತಾರೆ," ಎಂದ. ಅವನು ಕೆಟ್ಟವನಲ್ಲ. ಅಜ್ಜನ ಕುದುರೆಯ ಮೇಲೆ, ಅಜ್ಜನ ತೋಳಿನಲ್ಲಿ ಬೆಳೆದವನು.

ಮಧ್ಯಾಹ್ನ ಅನಾರ್ಕುಲ್ ಮಗಳ ಹೊಸ ಕಂಪ್ಯೂಟರ್ ನೋಡಲು ಬಂದಳು. ಬಾಲಿಕ್ಚಿಯ ರಸ್ತೆಯಲ್ಲಿ ಅವಳ ಬಾಯಿಗೆ ಲಾರಿ ಡ್ರೈವರುಗಳೂ ಹೆದರುತ್ತಿದ್ದರು. ಬೀಗರ ಮನೆಯಲ್ಲಿ ಮಾತ್ರ ಬಾಗಿಲ ಹತ್ತಿರವೇ ಕೂರುತ್ತಿದ್ದಳು. ಕಾಲಿಪಾ ಅವಳನ್ನು ಎಳೆದುಕೊಂಡು ಹೋಗಿ ಮೇಲಿನ ಸ್ಥಾನದಲ್ಲಿ ಕೂರಿಸಿ, ಜೇನು ಮುಂದಿಟ್ಟು, ಆಮೇಲೆ ಹೇಳಿದರು:

"ತಪ್ಪು ತಿಳ್ಕೋಬೇಡಿ ಬೀಗಿತ್ತಿ. ನಿಮಗೆ ಬಜಾರಿನೋನು ಮೋಸ ಮಾಡಿದಾನೆ. ಇದಕ್ಕೆ ಕರೆಂಟು ಸಾಲ್ತಾ ಇಲ್ವಂತೆ. ತಿರುಗತ್ತೆ, ನಿಂತ್ಕೊಳತ್ತೆ. ಹೆಂಗಸ್ರು ಹೋದ್ರೆ ಹಾಗೇ, ಕೆಟ್ಟು ಹೋಗಿದ್ದನ್ನ ಕಟ್ಟಿ ಕಳಿಸ್ತಾರೆ."

ಅನಾರ್ಕುಲ್‌ಳ ಮುಖ ಕೆಂಪಗಾಯಿತು. ಮಗಳ ಕಡೆ ನೋಡಿದಳು. ಬುರುಲ್ಚಾ ಚಹಾದ ಪಾತ್ರೆಯ ಕಡೆ ನೋಡಿದಳು. ಬಾಯಿ ಬಿಟ್ಟರೆ ಅಜ್ಜನ ಮಾನ, ಬಿಡದಿದ್ದರೆ ಅಮ್ಮನ ಮಾನ. ಒಲೆಯ ಪಕ್ಕದಲ್ಲೇ ಅಜ್ಜ ಬೆಚ್ಚಗೆ ಕೂತು ಸಕ್ಕರೆ ಚೀಪುತ್ತಿದ್ದ. ಅವಳು ಅಮ್ಮನ ಬಟ್ಟಲಿಗೆ ಅರ್ಧ ಚಹಾ ಬಗ್ಗಿಸಿದಳು.

"ಕೊಡಿ ಇಲ್ಲಿ," ಎಂದು ಅನಾರ್ಕುಲ್ ಎದ್ದಳು. "ಬದಲಾಯಿಸಿಕೊಂಡು ಬರ್ತೀನಿ." ಬಟ್ಟಲಿನ ಚಹಾ ಹಾಗೆಯೇ ಉಳಿಯಿತು. ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ನೇರ ಬಿಷ್ಕೆಕ್ ವ್ಯಾನು ಹತ್ತಿದಳು.

ಗುರುವಾರವೆಲ್ಲ ಬುರುಲ್ಚಾ ನಕ್ಷೆಯನ್ನು ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು ಮುಗಿಸಿದಳು. ಕಂಪ್ಯೂಟರಿಗೆ ಏರಿಸಲು ಎರಡು ಗಂಟೆ ಸಾಕು. ಏರಿಸಲು ಕಂಪ್ಯೂಟರೇ ಇರುವುದಿಲ್ಲ ಎಂದು ಗೊತ್ತಿದ್ದೂ ಬರೆದಳು. ಅಮ್ಮನಿಗೆ ಫೋನ್ ಮಾಡಲು ಮೂರು ಸಲ ಕೈಗೆತ್ತಿಕೊಂಡು ಮೂರು ಸಲವೂ ಇಟ್ಟುಬಿಟ್ಟಳು.

ಶುಕ್ರವಾರ ಎರಡು ಗಂಟೆಗೆ ಅನಾರ್ಕುಲ್ ಬಂದಳು. ಕಾಲು ಊದಿಕೊಂಡು ಬೂಟು ಬಿಚ್ಚಲು ಆಗುತ್ತಿರಲಿಲ್ಲ. ಹಳೆಯ ಅಂಗಡಿಯವನು ವಾಪಸ್ಸು ತೆಗೆದುಕೊಳ್ಳದೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದನಂತೆ. ಬೇರೆ ಅಂಗಡಿಯಲ್ಲಿ ಇದ್ದದ್ದರಲ್ಲೇ ಒಳ್ಳೆಯದನ್ನು ತಂದಿದ್ದಳು. ಎರ್ಮೆಕ್ ಸ್ಕ್ರೂ ಬಿಗಿದ. ಗುಂಡಿ ಒತ್ತಿದ.

ಫ್ಯಾನು ಒಂದು ಸುತ್ತು ತಿರುಗಿ ನಿಂತಿತು.

ಆಗ ಅಜ್ಜ ಒಲೆಯ ಪಕ್ಕದಿಂದ ಕೇಳಿದ, "ಅವತ್ತು ನಾನಿಟ್ಟಿದ್ದು ಸರಿಯಾಗಿ ಕೂತಿತ್ತೇನಮ್ಮಾ? ನನ್ನ ಕೈ ಈಗ ನೆಟ್ಟಗಿಲ್ಲ ನೋಡು."

ಕೇಳಿದ್ದು ಬುರುಲ್ಚಾಳನ್ನೇ. ಎರ್ಮೆಕ್ ಸ್ಕ್ರೂಡ್ರೈವರ್ ನೋಡತೊಡಗಿದ. ಕಾಲಿಪಾ ಕೆಲಸವಿಲ್ಲದೆ ಮೇಜು ಒರೆಸಿದರು. ಅಜ್ಜನ ಕಣ್ಣು ಮಾತ್ರ ಅವಳ ಮೇಲೆಯೇ ಇತ್ತು, ಹೆದರಿದ ಕಣ್ಣು.

"ಸರಿಯಾಗೇ ಕೂತಿತ್ತು ಅತಾ," ಎಂದಳು ಬುರುಲ್ಚಾ. "ನಿಮ್ಮಿಂದ ಏನೂ ಆಗಿಲ್ಲ."

"ಹಾಗಾದ್ರೆ ಸರಿ," ಎಂದು ಅಜ್ಜ ನಿಟ್ಟುಸಿರು ಬಿಟ್ಟ. ಐದು ಗಂಟೆ ಹೇಗೆ ಬಂತು ಹೇಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಕಾಲಿಪಾ ಹಿಟ್ಟು ಕಲಸಲು ಹೋದರು.

ಅಮ್ಮನನ್ನು ವ್ಯಾನಿನವರೆಗೆ ಬಿಡಲು ಬುರುಲ್ಚಾ ಗೇಟಿನಾಚೆ ನಡೆದಳು. ಅನಾರ್ಕುಲ್ ಕಾಲೆಳೆಯುತ್ತ ನಡೆದು, ಸ್ವಲ್ಪ ದೂರ ಹೋದ ಮೇಲೆ ನಿಂತಳು.

"ನನ್ನ ಪೆಟ್ಟಿಗೆ ಚೆನ್ನಾಗಿತ್ತು ಅಲ್ವಾ?"

"ಹೂಂ."

"ಯಾವತ್ತು ಗೊತ್ತಾಯ್ತು ನಿನಗೆ?"

"ಬುಧವಾರ ಬೆಳಿಗ್ಗೆ. ನೀನು ಬರೋಕೆ ಮುಂಚೆ."

ಅನಾರ್ಕುಲ್ ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡಳು. "ಅವರಿಗೆ ಹೇಳಕ್ಕಾಗಲ್ಲ, ಸರಿ. ನಾನೂ ಸೊಸೆಯಾಗಿ ಬಾಳಿದೋಳೇ. ಆ ಮುದುಕರಿಗೆ ನೀನು ಹೇಳಿದ ಮಾತೂ ಸರಿ. ನನಗ್ಯಾಕೆ ಹೇಳ್ಲಿಲ್ಲ ಮಗಳೇ? ಎರಡು ದಿನ ಬೀದಿ ಬೀದಿ ಅಲೆದೆ, ನನ್ನಿಂದ ನಿನ್ನ ಕೆಲಸ ಹಾಳಾಯ್ತು ಅಂತ."

"ನೀನು ಎಲ್ಲರ ಎದುರಿಗೆ ಜಗಳ ತೆಗೀತೀಯ ಅಂತ ಭಯ ಆಯ್ತು, ಅಮ್ಮಾ."

ವ್ಯಾನಿನವನು ಹಾರ್ನು ಹೊಡೆದ. ಅನಾರ್ಕುಲ್ ಮೆಟ್ಟಿಲಿಗೆ ಕಾಲಿಟ್ಟು ತಿರುಗಿ ನೋಡಿದಳು.

"ನಿನ್ನ ಮನೇಲಿ ನಾನು ಯಾವತ್ತು ಜಗಳ ಮಾಡಿದೀನಿ?"

ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಕೂತಳು. ಬುರುಲ್ಚಾ ರಸ್ತೆಯಲ್ಲೇ ನಿಂತು ಮದುವೆಯ ದಿನದಿಂದ ಇವತ್ತಿನವರೆಗೆ ಒಂದೊಂದಾಗಿ ನೆನಪು ಮಾಡಿಕೊಂಡಳು. ಒಂದು ದಿನವೂ ಮಾಡಿರಲಿಲ್ಲ.